ಯುಗಾದಿಗೆ ಎಂಟು ದಿನ ಮುಂಚೆ

"ಗುರುಗಳೇ, ಶಾಲೆಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿವೆ. ಕಲಿತವರು ನಾವಿಷ್ಟು ಜನ ಕಾಯುತ್ತಿದ್ದೇವೆ. ಆದರೂ ಜೂನ್‌ನಲ್ಲಿ ಅತಿಥಿ ಶಿಕ್ಷಕ ಅಂತ ಕರೆಯುತ್ತಾರೆ, ಮಾರ್ಚ್‌ನಲ್ಲಿ ಮನೆಗೆ ಕಳಿಸುತ್ತಾರೆ. ಆರು ವರ್ಷವಾಯಿತು. ನನ್ನದು ಅನ್ನುವ ಶಾಲೆ ನನಗೆ ಯಾವಾಗ ಸಿಗುತ್ತದೆ?"

ಕೇಳಿದವನು ಈರಭದ್ರ. ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಇದೇ ಗುರುಗಳ ಬಳಿ ಪಾಠ ಹೇಳುವುದನ್ನು ಕಲಿತವನು. ಗುರುಗಳು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಂದೂರಿನ ಕೆರೆಗೆ ನೀರಗಂಟಿ ಬೇಕಾಗಿದ್ದ. ತೂಬು ತೆರೆದು ಗದ್ದೆಗದ್ದೆಗೂ ನೀರು ಹಂಚುವುದು ನೀರಗಂಟಿಯ ಕೆಲಸ. ಮೊದಲಿದ್ದವನು ಮುದುಕನಾಗಿ, ಈಗ ಮನೆಯಂಗಳದಲ್ಲಿ ಕೂತು ಹುಡುಗರಿಗೆ ಆ ಕೆಲಸ ಕಲಿಸುತ್ತಿದ್ದ. ಒಬ್ಬ ತರುಣ ಅವನ ಬಳಿ ಎರಡು ವರ್ಷ ಮೈಮುರಿದು ಕಲಿತ. ನೀರಗಂಟಿಯಾದರೆ ಊರವರು ಬಿಟ್ಟಿರುವ ಮಾನ್ಯದ ಗದ್ದೆ ಸಿಗುತ್ತದೆ, ಗೊತ್ತು ಮಾಡಿದ ಹುಡುಗಿಯನ್ನು ಮನೆ ತುಂಬಿಸಿಕೊಳ್ಳಬಹುದು ಎಂಬುದು ಅವನ ಆಸೆ. ದೊಡ್ಡ ಆಸೆಯೇನಲ್ಲ.

ಆ ಊರಿಗೊಂದು ಕಟ್ಟಳೆಯಿತ್ತು. ಒಂದು ಯುಗಾದಿ ಕಳೆದಾಗಿನಿಂದ ಇನ್ನೊಂದು ಯುಗಾದಿ ಕಳೆಯುವವರೆಗೆ ತೂಬಿನ ಗುದ್ದಲಿ ಬಿಡದೆ ಯಾರ ಕೈಯಲ್ಲಿರುತ್ತದೋ ಆಮೇಲೆ ಕೆಲಸವೂ ಗದ್ದೆಯೂ ಅವನವೇ. ಊರಗೌಡ ತರುಣನಿಗೆ ಗುದ್ದಲಿ ಕೊಟ್ಟ. ಯುಗಾದಿಗೆ ಎಂಟು ದಿನವಿದೆ ಎನ್ನುವಾಗ ಬಂದು ಈಸಿಕೊಂಡ. ಹಬ್ಬ ಕಳೆದ ಮೇಲೆ ಕರೆದು ಮತ್ತೆ ಕೊಟ್ಟ. ಹೀಗೇ ಹದಿನಾಲ್ಕು ವರ್ಷ ನಡೆಯಿತು. ಒಂದು ಗದ್ದೆಯೂ ಒಣಗದಂತೆ ತರುಣ ನೀರು ಹಾಯಿಸಿದ. ಹುಡುಗಿ ಕಾದು ಕಾದು ಬೇರೆ ಮನೆ ಸೇರಿದಳು. ಮಾನ್ಯದ ಗದ್ದೆಯ ಭತ್ತ ಮಾತ್ರ ವರ್ಷವರ್ಷವೂ ಗೌಡನ ಕಣಜ ಸೇರುತ್ತಿತ್ತು.

ಕೊನೆಗೊಂದು ದಿನ ಅವನು ಗುದ್ದಲಿಯನ್ನು ಗಟ್ಟಿಯಾಗಿ ಹಿಡಿದು, "ಗೌಡ್ರೇ, ಈ ಸಲ ಹಬ್ಬ ಕಳೆಯೋವರ್ಗೂ ಇದು ನನ್ನ ಹತ್ರಾನೇ ಇರ್ಲಿ" ಎಂದ.

"ನಿಂಗೆ ವಯಸ್ಸು ಮೀರ್ತಲ್ಲಪ್ಪ. ಮೂವತ್ತೈದು ದಾಟಿದೋರಿಗೆ ಕೆಲ್ಸ ಇಲ್ಲ ಅಂತ ಊರೋರು ತೀರ್ಮಾನ ಮಾಡಿದೀವಿ."

"ಅದು ಮೀರಿದ್ದು ನಿಮ್ಮ ಕಾಲುವೇಲಿ ನಿಂತೇ, ಗೌಡ್ರೇ."

ಗೌಡನಿಗೆ ಆ ಮಾತು ಕೇಳಿಸಲಿಲ್ಲ. ಕೇಳಿಸಿದ್ದರೂ ಏನೂ ಆಗುತ್ತಿರಲಿಲ್ಲ. ಹಬ್ಬ ಕಳೆದ ಮೇಲೆ ಗುದ್ದಲಿ ಇಪ್ಪತ್ತರ ಇನ್ನೊಬ್ಬನ ಕೈಗೆ ಹೋಯಿತು. ಅವನು ಮುದುಕನ ಅಂಗಳದಲ್ಲಿ ಆಗಷ್ಟೇ ಕಲಿತು ಬಂದವನು. ಹಿಡಿ ಎಷ್ಟು ನುಣುಪಾಗಿದೆ ಎಂದು ಹಿಗ್ಗಿದ.

ಕತೆ ಕೇಳಿ ಈರಭದ್ರ ಸಿಟ್ಟಿಗೆದ್ದ.

"ಗೌಡ ಮೋಸಗಾರ, ಸರಿ. ಗುದ್ದಲಿ ಯಾರ ಕೈಯಲ್ಲೂ ಉಳಿಯುವುದಿಲ್ಲ ಅಂತ ಆ ಮುದುಕನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಯಾಕೆ ಕಲಿಸುತ್ತಲೇ ಇದ್ದ?"

ಗುರುಗಳು ಕನ್ನಡಕ ಹಾಕಿಕೊಂಡರು.

"ಕಲಿಸುವ ಕೆಲಸ ಅವನಿಗೆ ಖಾಯಂ ಆಗಿತ್ತಪ್ಪ, ನಾಳೆ ನನ್ನ ತರಗತಿಗೂ ಐವತ್ತು ಜನ ಹೊಸಬರು ಬರುತ್ತಿದ್ದಾರೆ."