ಕಡಿವಾಣ ಬೇಡವೆಂದವನು

“ಉಸ್ತಾದರೇ, ಹುಕುಂ ಎಂದರೆ ಆಜ್ಞೆ. ಹಾಕಿಂ ಎಂದರೆ ಆಳುವವನು. ಹಿಕ್ಮತ್ ಎಂದರೆ ವಿವೇಕ, ಹಕೀಮನೆಂದರೆ ವಿವೇಕಿ. ಇಷ್ಟೂ ಒಂದೇ ಅರಬ್ಬೀ ಧಾತುವಿನ ಮಕ್ಕಳೆಂಬುದನ್ನು ಒಪ್ಪುತ್ತೇನೆ. ಆದರೆ ಕುದುರೆಯ ಬಾಯಿಗೆ ಹಾಕುವ ಕಡಿವಾಣಕ್ಕೂ ಅರಬರು ಅದೇ ಧಾತುವಿನಿಂದ ‘ಹಕಮ’ ಎಂದು ಹೆಸರಿಟ್ಟರಲ್ಲ, ಅದೇಕೆ? ರಾಜರ ಓಲಗದಲ್ಲಿ ಕೂರಬೇಕಾದ ಮಾತುಗಳ ನಡುವೆ ಈ ಲಾಯದ ಮಾತು ಹೇಗೆ ನುಗ್ಗಿತು?”

ಕೇಳಿದವನು ಇದ್ರೀಸ್. ಊರಿನ ಖಾಜಿಯಾಗಿ ನೇಮಕಗೊಂಡು, ಮರುದಿನ ಮೊದಲ ಬಾರಿಗೆ ನ್ಯಾಯಪೀಠವನ್ನೇರಲಿದ್ದ. ಪ್ರಶ್ನೆ ಶಬ್ದಗಳದಾದರೂ ಅವನ ಮನಸ್ಸು ಬೇರೆಲ್ಲೋ ಕುದಿಯುತ್ತಿತ್ತು. ಪಾತ್ರೆಗಳಿಗೆ ಕಲಾಯಿ ಹಾಕುವ ನನ್ನೇಸಾಹೇಬನು ಬಾವಿಕಟ್ಟೆಯ ಬಳಿ ಹತ್ತು ಜನರೆದುರಿಗೆ, “ಮೀಸೆಗಿಂತ ಮೊದಲು ಮುಂಡಾಸು ಬಂತು ನೋಡ್ರಪ್ಪಾ!” ಎಂದು ಇದ್ರೀಸನ ಎಳೆವಯಸ್ಸನ್ನು ಆಡಿಕೊಂಡು ನಕ್ಕಿದ್ದ. ಅದೇ ನನ್ನೇಸಾಹೇಬನ ಮನೆಯ ವ್ಯಾಜ್ಯ ನಾಳೆ ಇದ್ರೀಸನ ಮುಂದೆ ಬರಲಿತ್ತು.

“ಅವನ ಅಹವಾಲು ಕೇಳುವ ಅಗತ್ಯವೇ ಇಲ್ಲ. ಹೆಂಡತಿ ಮಕ್ಕಳ ಸಹಿತ ಊರು ಬಿಡಿಸುತ್ತೇನೆ. ಆ ನಾಲಗೆ ಇನ್ನು ಯಾವ ಕಟ್ಟೆಯ ಮೇಲೆ ಆಡುತ್ತದೆಯೋ ನೋಡೋಣ,” ಎಂದು ಹಲ್ಲು ಕಡಿದ.

ಗುರುಗಳ ಮುಖ ಕೆಂಪೇರಿತು. “ಕುಳಿತುಕೋ,” ಎಂದು ಗದರಿ, ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಸಂತೆಯಲ್ಲಿ ನೆರೆಮನೆಯವನೊಬ್ಬ ಅವನನ್ನು ಹೀಯಾಳಿಸಿ ಊರ ದಾರಿ ಹಿಡಿದ. ವರ್ತಕನ ನೆತ್ತಿಗೆ ಕಿಚ್ಚೇರಿತು. ಅವನನ್ನು ಬೆನ್ನಟ್ಟಿ ಹೊಡೆಯಬೇಕೆಂದು ಅಲ್ಲಿಯೇ ಒಂದು ಕುದುರೆಯನ್ನು ಕೊಂಡ. ಆ ಸಂತೆಯ ಕಟ್ಟಳೆಯಂತೆ, ಮಾರಿದವನು ತನ್ನ ಕಡಿವಾಣವನ್ನು ಬಿಚ್ಚಿಕೊಂಡ. ಕೊಂಡವನು ತನ್ನದನ್ನು ತೊಡಿಸಬೇಕು.

“ಸಾಹುಕಾರರೇ, ತುಸು ತಾಳಿ. ಕಮ್ಮಾರನ ಅಂಗಡಿ ಇಲ್ಲೇ ಹಿಂದಿನ ಬೀದಿಯಲ್ಲಿದೆ. ಒಂದು ಕಡಿವಾಣ ತೊಡಿಸಿ ಹೊರಡಿ,” ಎಂದ ಮಾರಿದವನು.

“ನನಗೆ ಬೇಕಾದದ್ದು ಓಟ! ನಿಲ್ಲಿಸುವ ಕಬ್ಬಿಣವನ್ನು ನೀನೇ ಇಟ್ಟುಕೋ!” ಎಂದು ಅಬ್ಬರಿಸಿದ ವರ್ತಕ, ಜೂಲು ಹಿಡಿದು ಹತ್ತಿ ಚಾಟಿ ಬೀಸಿದ.

ಕುದುರೆ ಓಡಿತು. ಇತ್ತ ಕುದುರೆಯ ವ್ಯಾಪಾರ ಮುಗಿಯುವಷ್ಟರಲ್ಲೇ ನೆರೆಯವನು ಊರು ಸೇರಿ, ಆಡಿದ ಮಾತಿಗೆ ತಾನೇ ನಾಚಿ, ಕ್ಷಮೆ ಬೇಡಲು ವರ್ತಕನ ಬಾಗಿಲಲ್ಲಿ ಕಾದು ಕುಳಿತಿದ್ದ. ಅದನ್ನು ತಿಳಿಸಲು ವರ್ತಕನ ತಮ್ಮನು ಸಂತೆಯ ಕಡೆಗೆ ಧಾವಿಸಿ ಬರುತ್ತಿದ್ದ. ಕೆರೆಯ ಇಕ್ಕಟ್ಟಾದ ಏರಿಯ ಮೇಲೆ ಅಣ್ಣನನ್ನು ಕಂಡು ಕೈಯೆತ್ತಿದ. ವರ್ತಕನಿಗೂ ತಮ್ಮನ ಗುರುತು ಹತ್ತಿತು. ನಿಲ್ಲು, ನಿಲ್ಲೆಂದು ಅರಚಿದ. ಜೂಲು ಕಿತ್ತುಬರುವಂತೆ ಜಗ್ಗಿದ. ಕುದುರೆ ನಿಲ್ಲಲಿಲ್ಲ. ತಮ್ಮನು ಅದರ ಗೊರಸಿಗೆ ಸಿಕ್ಕಿ ಅಲ್ಲಿಯೇ ಸತ್ತ.

ಹೆಣದ ಮುಂದೆ ನಿಂತು ವರ್ತಕ ಕುದುರೆಯನ್ನು ಬಯ್ದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಇದ್ರೀಸನಿಗೆ ತಡೆಯಲಾಗಲಿಲ್ಲ, ನನ್ನೇಸಾಹೇಬನ ಮೇಲಿದ್ದ ಸಿಟ್ಟೆಲ್ಲ ವರ್ತಕನತ್ತ ಹರಿಯಿತು.

“ಎಂಥ ಪಾಪಿ! ಕೊಂದವನು ತಾನು, ಬಯ್ದದ್ದು ಕುದುರೆಯನ್ನು! ಅಂಥವನ ಕೈಗೆ ಯಾರಾದರೂ ಕುದುರೆ ಕೊಡುತ್ತಾರೆಯೇ, ಉಸ್ತಾದರೇ?”

“ನಾಳೆ ನಿನ್ನ ಕೈಗೆ ಊರನ್ನೇ ಕೊಡುತ್ತಿದ್ದಾರಲ್ಲ, ಇದ್ರೀಸ್.”