ನೇಕಾರನ ಮದ್ದಳೆ

"ಗುರುಗಳೇ, ನನ್ನ ಹೊತ್ತು ನನ್ನದೋ, ನನ್ನ ಮಕ್ಕಳದೋ?" ಎಂದು ಚೆನ್ನಾಜಮ್ಮ ಕೇಳಿದಳು.

ಅವಳು ತನ್ನ ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸದೆ ತಾನೇ ಮನೆಯಲ್ಲಿ ಓದಿಸುತ್ತಿದ್ದಳು. ಈಚೆಗೆ ಮಧ್ಯಾಹ್ನ ಒಂದು ತಾಸು ಹಳಗನ್ನಡ ಕಾವ್ಯ ಓದಲು ಕಲಿಯತೊಡಗಿದ್ದಳು. ಅದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಅವಳಿಗೆ ಖುಷಿಯಾಗುತ್ತಿತ್ತು, ಅಷ್ಟೆ.

"ಅದು ಮಕ್ಕಳಿಂದ ಕದ್ದ ಹೊತ್ತು ಅಂತ ಅತ್ತೆ ಹೇಳುತ್ತಾರೆ. ಮಕ್ಕಳು ದೊಡ್ಡವರಾಗುವವರೆಗೆ ಬಿಟ್ಟುಬಿಡುತ್ತೇನೆ. ಸರಿಯಲ್ಲವೇ?" ಎಂದಳು. ಹಾಗೆನ್ನುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ತ್ಯಾಗ ಮಾಡುವವರಿಗೆ ಅದು ಇದ್ದೇ ಇರುತ್ತದೆ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಕೇರಿಯ ಮಕ್ಕಳೆಲ್ಲ ಅಕ್ಷರ ಕಲಿಯಲು ಐಗಳ ಮಠಕ್ಕೆ ಹೋಗುತ್ತಿದ್ದರು. ನೇಕಾರ ಮಾತ್ರ ತನ್ನ ಒಬ್ಬಳೇ ಮಗಳನ್ನು ಮಗ್ಗದ ಪಕ್ಕ ಕೂರಿಸಿಕೊಂಡು ತಾನೇ ಕಲಿಸುತ್ತಿದ್ದ. ಅವಳು ನೂಲಿನ ಎಳೆ ಎಣಿಸಿ ಮಗ್ಗಿ ಕಲಿತಳು. ಹದಿನಾರರ ಮಗ್ಗಿಯನ್ನು ಅವಳು ತಡೆಯಿಲ್ಲದೆ ಹೇಳುವಾಗ ನೇಕಾರನ ಎದೆ ಉಬ್ಬುತ್ತಿತ್ತು.

ಅವನಿಗೊಂದು ಹುಚ್ಚಿತ್ತು. ನಲವತ್ತು ದಾಟಿದ ಮೇಲೆ ಮದ್ದಳೆ ಕಲಿಯಲು ಹೊರಟಿದ್ದ. ಸಂಜೆ ಮಗ್ಗದಿಂದ ಎದ್ದವನೇ ಜಗಲಿಯಲ್ಲಿ ಕೂತು, ಮದ್ದಳೆಯ ಎಡಮುಖಕ್ಕೆ ರವೆ ಕಲಸಿ ಮೆತ್ತಿ, ತಾ ದಿ ತೊಂ ನಂ ಎಂದು ಬಾರಿಸುತ್ತಿದ್ದ. ಲಾಳಿ ಎಸೆದು ಪಳಗಿದ ಕೈ ಮದ್ದಳೆಯ ಮೇಲೆ ಎಡವುತ್ತಿತ್ತು. ತಪ್ಪಿದಾಗ ತಾನೇ ನಗುತ್ತಿದ್ದ, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. ಮಗಳು ಹತ್ತಿರ ಕೂತು ತನ್ನ ಪಾಡಿಗೆ ತಾನು ಏನಾದರೂ ಓದಿಕೊಳ್ಳುತ್ತಿದ್ದಳು.

ಕೇರಿಯ ಬಾಯಿಗೆ ಬೀಗವುಂಟೇ? "ಮಗಳ ಓದು ಬಿಟ್ಟು ಅಪ್ಪನೇ ಪಾಠಕ್ಕೆ ಕೂತ" ಎಂದು ನಕ್ಕರು. ಮಾತು ಐಗಳ ಕಿವಿಗೂ ಬಿತ್ತು. ಅವರು ಬಂದು, "ಬರುವ ಯುಗಾದಿಗೆ ಹಿರಿಯರ ಮುಂದೆ ಮಗುವನ್ನು ಪರೀಕ್ಷೆ ಮಾಡುತ್ತೇನೆ. ಸರಿಹೋಗದಿದ್ದರೆ ಅವಳು ಮಠಕ್ಕೆ ಬರಲಿ" ಎಂದರು. ನೇಕಾರ ಒಪ್ಪಿದ.

ಒಪ್ಪಿದವನಿಗೆ ಹೆದರಿಕೆ ಹತ್ತಿತು. ಮಗಳು ಪಕ್ಕದಲ್ಲಿಲ್ಲದ ಮಗ್ಗವನ್ನು ನೆನೆಯುವುದೂ ಅವನಿಂದಾಗದು. ಇನ್ನು ಮದ್ದಳೆ ಮುಟ್ಟುವುದಿಲ್ಲವೆಂದುಕೊಂಡ. ಸಂಜೆಯನ್ನೂ ಮಗಳ ಪಾಠಕ್ಕೆ ಸೇರಿಸಿದ. ಅಷ್ಟಕ್ಕೂ ಬಿಡಲಿಲ್ಲ. ಇದ್ದ ಮದ್ದಳೆ ಹಾಳಾಗುವುದೇಕೆಂದು ಅದನ್ನು ಮಗಳ ಮುಂದಿಟ್ಟು, "ಇವತ್ತಿಂದ ದಿನಾ ಅರ್ಧ ತಾಸು ಇದೂ ನಿನ್ನ ಪಾಠ" ಎಂದ. ಮನೆಯಲ್ಲಿ ಮಕ್ಕಳನ್ನು ಓದಿಸುವವರು ಮಾಡುವ ತಪ್ಪೇ ಇದು, ತಾಯಿ. ಏನು ಕಂಡರೂ ಅವರಿಗೆ ಮಕ್ಕಳ ಪಾಠವಾಗಿಯೇ ಕಾಣುತ್ತದೆ.

ಮಗಳು ಹೇಳಿದ್ದನ್ನೆಲ್ಲ ಕಲಿತಳು. ಮದ್ದಳೆಯಲ್ಲಿ ಒಂದು ಪೆಟ್ಟೂ ತಪ್ಪಲಿಲ್ಲ. ಆದರೆ ಪಾಠ ಮುಗಿದೊಡನೆ ಪುಸ್ತಕ ಮುಚ್ಚಿ ಎದ್ದುಹೋಗುತ್ತಿದ್ದಳು. ಯುಗಾದಿಗೆ ಎಂಟು ದಿನವಿರುವಾಗ ಕೇಳಿದಳು:

"ಅಪ್ಪಾ, ನಿನ್ನಷ್ಟು ದೊಡ್ಡವಳಾಗೋಕೆ ನಂಗೆ ಇನ್ನೆಷ್ಟು ವರ್ಷ ಬೇಕು?"

"ಯಾಕವ್ವಾ?"

"ಆಮೇಲೆ ನಾನೂ ಕಲಿಯೋದು ನಿಲ್ಲಿಸಬಹುದಲ್ಲ."

ನೇಕಾರನ ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು. ಅವನಿಗೆ ಅಳು ಬಂತು. ಅಂದೇ ಸಂಜೆ ಮಗಳಿಂದ ಮದ್ದಳೆಯನ್ನು ಮರಳಿ ಪಡೆದು ಜಗಲಿಯಲ್ಲಿ ಕೂತ. ಮೂರು ತಿಂಗಳು ಬಿಟ್ಟ ಕೈ, ಮೊದಲಿಗಿಂತ ಹೆಚ್ಚೇ ತಪ್ಪಿತು. ಕೇರಿ ನಕ್ಕಿತು. ಅವನೂ ನಕ್ಕ. ಮೂರನೆಯ ಸಂಜೆ ಮಗಳು ಪುಸ್ತಕ ಹಿಡಿದು ಬಂದು ಹತ್ತಿರ ಕೂತಳು. ಅವಳನ್ನು ಯಾರೂ ಕರೆದಿರಲಿಲ್ಲ.

ಯುಗಾದಿ ಬಂತು. ಪರೀಕ್ಷೆಗೂ ಹಬ್ಬದ ಊಟಕ್ಕೂ ಹಿರಿಯರು ನೇಕಾರನ ಮನೆಯಲ್ಲಿ ಸೇರಿದರು. ಐಗಳು ಮಗ್ಗಿ ಕೇಳಿದರು, ಹೇಳಿದಳು. ಲೆಕ್ಕ ಕೊಟ್ಟರು, ಮಾಡಿದಳು. ಕೊನೆಗೆ ಮಠದ ದೊಡ್ಡ ಹುಡುಗರಿಗೂ ಬಾರದ ಒಂದು ಲೆಕ್ಕ ಕೊಟ್ಟರು. ಮಗಳು ತುಂಬ ಹೊತ್ತು ಯೋಚಿಸಿ, "ಇದು ನಂಗೆ ಬರಲ್ಲ" ಎಂದಳು. ಹಿರಿಯರು ಮುಖ ಮುಖ ನೋಡಿಕೊಂಡರು. ಐಗಳು ಎದ್ದು ನಿಂತರು. ಎಲ್ಲ ಮುಗಿಯಿತೆಂದು ನೇಕಾರ ತಲೆತಗ್ಗಿಸಿದ.

ಮಗಳು ಐಗಳಿಗೆ ಅಡ್ಡ ಹೋಗಿ ನಿಂತಳು. "ಊಟ ಆಮೇಲೆ ಮಾಡೋಣ ಐಗಳೇ. ಅದು ಹೇಗೆ ಅಂತ ಹೇಳಿಕೊಟ್ಟು ಹೋಗಿ" ಎಂದಳು. ಬಾರದ್ದಕ್ಕೆ ಅವಳ ಮುಖದಲ್ಲಿ ನಾಚಿಕೆಯಿರಲಿಲ್ಲ. ಜಗಲಿಯಲ್ಲಿ ಪೆಟ್ಟು ತಪ್ಪಿದಾಗ ಅಪ್ಪ ನಗುತ್ತಿದ್ದನಲ್ಲ, ಅದೇ ನಗುವಿತ್ತು.

ಐಗಳು ಮತ್ತೆ ಕೂತರು. ಹಬ್ಬದ ಹೋಳಿಗೆ ಆರಿ ತಣ್ಣಗಾಯಿತು. ಲೆಕ್ಕ ಬಿಡಿಸಿದ ಮೇಲೆಯೇ ಅವಳು ಅವರನ್ನು ಬಿಟ್ಟದ್ದು. ಏಳುವಾಗ ಐಗಳು, "ಇವಳು ಮಠಕ್ಕೆ ಬರಬೇಕಿಲ್ಲ. ಆಗಾಗ ನಾನೇ ಇಲ್ಲಿಗೆ ಬಂದು ಕೂರುತ್ತೇನೆ" ಎಂದರು. ನೇಕಾರ ಅಂದು ಪಟ್ಟ ಹೆಮ್ಮೆಯನ್ನು ಹದಿನಾರರ ಮಗ್ಗಿಗೂ ಪಟ್ಟಿರಲಿಲ್ಲ. ಮಗಳು "ಇದು ನಂಗೆ ಬರಲ್ಲ" ಎಂದದ್ದನ್ನೇ ಕೇರಿಯುದ್ದಕ್ಕೂ ಎಲ್ಲರಿಗೂ ಹೇಳಿಕೊಂಡು ತಲೆಯೆತ್ತಿ ನಡೆದ.

ಗುರುಗಳು ಕತೆ ಮುಗಿಸಿದರು. ಚೆನ್ನಾಜಮ್ಮ ಕೇಳಿದಳು: "ಹಾಗಾದರೆ ನಾನು ಓದುವುದನ್ನು ಬಿಡಬಾರದೇ?"

"ಬಿಡುವುದಾದರೆ ಬಿಡು ತಾಯಿ, ಅದನ್ನೂ ಮಕ್ಕಳು ನಿನ್ನಿಂದಲೇ ಕಲಿಯುತ್ತಾರೆ."