ದೂರಿನ ಗಡುವು

ಹೊಳೆಯಾಚೆಯ ಊರಿನಿಂದ ಕಮಲಾಕ್ಷಿ ಎಂಬ ಹೆಂಗಸು ಆಶ್ರಮಕ್ಕೆ ಬಂದಳು. ಚಿಕ್ಕಂದಿನಲ್ಲಿ ಅಲ್ಲೇ ಓದಿದವಳು. ದೂರು ಕೇಳುವ ಹೊಣೆ ಶಿಷ್ಯ ಚಿದಂಬರನದು.

"ಪಾಠ ಒಪ್ಪಿಸಲು ನರಹರಿ ಪಂಡಿತರು ನನ್ನೊಬ್ಬಳನ್ನೇ ಕರೆಯುತ್ತಿದ್ದರು," ಎಂದಳು. "ಕದ ಹಾಕಿಕೊಂಡು ಮೈ ಮುಟ್ಟುತ್ತಿದ್ದರು. ಅತ್ತರೆ ಬಾಯಿ ಮುಚ್ಚುತ್ತಿದ್ದರು."

"ಇದು ಯಾವಾಗಿನ ಮಾತಮ್ಮಾ?"

"ನಾನಿನ್ನೂ ಲಂಗ ಉಡುತ್ತಿದ್ದೆ."

ಚಿದಂಬರ ತಲೆ ತಗ್ಗಿಸಿದ. "ದೂರು ಒಂದು ವರ್ಷದೊಳಗೆ ಬರಬೇಕು. ಆಶ್ರಮದ ನಿಯಮ. ನಾನೇನೂ ಮಾಡುವ ಹಾಗಿಲ್ಲ."

ಅವಳು ಎದ್ದು ದೋಣಿಯ ಕಡೆ ನಡೆದಳು.

ಅವನು ನಡೆದದ್ದನ್ನು ಗುರುಗಳಿಗೆ ತಿಳಿಸಿದ.

"ಆಗಲೇ ಯಾಕೆ ಹೇಳಲಿಲ್ಲವಂತೆ?"

"ನಾನು ಕೇಳಲಿಲ್ಲ."

"ಕೇಳು ಹೋಗು."

ಚಿದಂಬರ ಓಡಿದ. ದೋಣಿ ಇನ್ನೂ ಬಂದಿರಲಿಲ್ಲ.

ಕಮಲಾಕ್ಷಿ ಹೇಳಿದಳು: "ಆಗ ಅದನ್ನು ಏನೆನ್ನಬೇಕೆಂದೇ ಗೊತ್ತಿರಲಿಲ್ಲ. ಗೊತ್ತಾದಾಗ ಧೈರ್ಯವಿರಲಿಲ್ಲ. ಧೈರ್ಯ ಬಂದದ್ದು ಈಗ."

ಅವಳನ್ನು ಕರೆದುಕೊಂಡೇ ಮರಳಿದ. ಆದರೂ ಅಳುಕು ಹೋಗಿರಲಿಲ್ಲ.

"ಗುರುಗಳೇ, ಪಂಡಿತರು ನನಗೂ ವಿದ್ಯೆ ಕೊಟ್ಟವರು. ನಿಯಮಕ್ಕೂ ಕಾರಣವಿದೆಯಲ್ಲ? ಸಾಕ್ಷಿಗಳು ಸಾಯುತ್ತಾರೆ, ನೆನಪು ಮಾಸುತ್ತದೆ. ಇಷ್ಟು ಕಾಲವಾದ ಮೇಲೆ ನಿಜ ತಿಳಿಯುವುದು ಕಷ್ಟ."

"ಕಷ್ಟ, ಹೌದು. ನರಹರಿ ಈಗ ಎಲ್ಲಿದ್ದಾನೆ?"

"ತರಗತಿಯಲ್ಲಿ. ಚಿಕ್ಕ ಹುಡುಗಿಯರಿಗೆ ಪಾಠ ನಡೆದಿದೆ."

ಹೇಳಿ ಮುಗಿಸುವಷ್ಟರಲ್ಲಿ ಚಿದಂಬರ ತರಗತಿಯ ಕಡೆ ತಿರುಗಿ ನೋಡಿದ.

ಗುರುಗಳು ಎದ್ದು ತರಗತಿಗೆ ಹೋದರು. ಮಕ್ಕಳನ್ನು ಹೊರಗೆ ಕಳಿಸಿದರು.

"ನರಹರಿ, ನಿನ್ನ ಮೇಲೆ ದೂರು ಬಂದಿದೆ. ವಿಚಾರಣೆ ಮುಗಿಯುವವರೆಗೆ ಮಕ್ಕಳ ಹತ್ತಿರ ಹೋಗಬೇಡ."

"ಇಷ್ಟು ವರ್ಷ ಸೇವೆ ಮಾಡಿದ್ದಕ್ಕೆ ಇದೇನಾ ಗುರುಗಳೇ?"

"ಅದನ್ನೂ ವಿಚಾರಣೆಯಲ್ಲೇ ಹೇಳು."

ಹೊರಗೆ ಬಂದು ಚಿದಂಬರನಿಗೆ ಹೇಳಿದರು: "ಈ ತಾಯಿ ಪೊಲೀಸ್ ಠಾಣೆಗೆ ಹೋಗುವುದಾದರೆ ನೀನೂ ಜೊತೆಗೆ ಹೋಗು."

ಇಬ್ಬರೂ ಹೋದರು. ಸುದ್ದಿ ಹಬ್ಬಿತು. ಆಶ್ರಮದಲ್ಲಿ ಹಿಂದೆ ಓದಿದ್ದ ಇನ್ನಿಬ್ಬರು ಹೆಂಗಸರು ಬಂದು, ತಮಗೂ ಹಾಗೇ ಆಗಿತ್ತೆಂದು ಹೇಳಿಕೆ ಕೊಟ್ಟರು. ಪೊಲೀಸರು ಪಂಡಿತನನ್ನು ಕರೆದೊಯ್ದರು.

ಕೆಲವು ದಿನ ಕಳೆದವು. ಚಿದಂಬರ ಗುರುಗಳ ಬಳಿ ಬಂದು ಕೂತ.

"ನಿಯಮ ತಿದ್ದಬೇಕು ಗುರುಗಳೇ. ಒಂದು ವರ್ಷ ಸಾಲದು. ಎಷ್ಟೆಂದು ಬರೆಯಲಿ? ಹತ್ತು? ಇಪ್ಪತ್ತು?"

ಗುರುಗಳು ಹೇಳಿದರು: "ಅನುಭವಿಸಿದವರು ಮರೆಯುವವರೆಗೆ ಎಂದು ಬರೆ."